ಎರಡೂವರೆ ಗುಂಟೆಗೆ ಕಾನೂನು ಬೇಡವೆ?

ಸರ್ಕಾರಿ ಭೂಮಿಯನ್ನು ಒತ್ತುವರಿ ಮಾಡಿ ಇಪ್ಪತ್ತೈದು ಎಕರೆ ಕಾಫಿ ಬೆಳೆದವರಿಗೆ ಈ ರಾಜ್ಯದಲ್ಲಿ ಕಾನೂನಿನ ಆಸರೆಯಿದೆ. ಅದೇ ಕಾಫಿ ತೋಟದ ಲೈನ್ ಮನೆಯ ಹಿಂದೆ ನಾಲ್ಕು ಸಾಲು ಹರಿವೆ, ಎರಡು ಬುಡ ಬಸಳೆ ಹಾಕಿಕೊಂಡವರಿಗೆ ಯಾವ ಆಸರೆಯೂ ಇಲ್ಲ. ಮಲೆನಾಡಿನ ಭೂಮಿಯ ಕುರಿತು ಮಾತನಾಡುವವರೆಲ್ಲರೂ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು.

ಕರ್ನಾಟಕ ಭೂ ಕಂದಾಯ ಕಾಯ್ದೆಗೆ 2022ರಲ್ಲಿ ರೂಪಿಸಿದ ತಿದ್ದುಪಡಿಯನ್ನು ಗಮನಿಸಿ. 2005ರ ಜನವರಿ 1ಕ್ಕೆ ಮೊದಲಿನಿಂದ ಸರ್ಕಾರಿ ಭೂಮಿಯಲ್ಲಿ ಅನಧಿಕೃತವಾಗಿ ಕಾಫಿ, ಏಲಕ್ಕಿ, ಕಾಳುಮೆಣಸು, ಚಹಾ, ರಬ್ಬರಿನಂತಹ ಪ್ಲಾಂಟೇಶನ್ ಬೆಳೆ ಬೆಳೆದವರಿಗೆ ಗರಿಷ್ಠ 25 ಎಕರೆಯವರೆಗೆ, 30 ವರ್ಷಗಳ ಅವಧಿಗೆ ಗುತ್ತಿಗೆ ನೀಡಲು ಅದು ಅವಕಾಶ ಕಲ್ಪಿಸಿತು. ಅಲ್ಲಿ ಅವಧಿಯಿದೆ, ಗುತ್ತಿಗೆಯ ಹಣದ ಲೆಕ್ಕವಿದೆ, ಅರ್ಜಿಯ ದಾರಿಯಿದೆ. ಒತ್ತುವರಿದಾರನು ನಾಳೆಯ ಬಗ್ಗೆ ನಿಶ್ಚಿಂತನಾಗಿ ಗಿಡ ನೆಡಬಹುದು.

ಲೈನ್ ಮನೆಯ ಹಿತ್ತಲಿಗೆ ಇವಾವುವೂ ಇಲ್ಲ. ತೋಟ ಕಾರ್ಮಿಕರಿಗೆ ವಸತಿ ಕಲ್ಪಿಸುವುದು ಮಾಲೀಕರ ಹೊಣೆಯೆಂದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ಹೇಳಿತು. ಆದರೆ ಆ ವಸತಿಯು ದುಡಿಮೆಗೆ ಕಟ್ಟಿದ ವಸತಿ. ದುಡಿಮೆ ನಿಂತರೆ ಮನೆ ಹೋಗುತ್ತದೆ, ಮನೆಯೊಡನೆ ಹಿತ್ತಲು ಹೋಗುತ್ತದೆ, ಹಿತ್ತಲಿನೊಡನೆ ಇನ್ನೂ ಕೀಳದ ಮರಗೆಣಸೂ ಸುವರ್ಣಗೆಡ್ಡೆಯೂ ಹೋಗುತ್ತವೆ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ತೆರವುಗೊಳಿಸಿದಾಗ ನಾಡೆಲ್ಲ ಬೆಚ್ಚಿತು. ಅಲ್ಲಿದ್ದವರಲ್ಲಿ ಬಹುಮಂದಿ ಲೈನ್ ಮನೆಗಳ ಬದುಕನ್ನು ತೊರೆದು ಬಂದವರು. ತಮ್ಮದೆನ್ನಲು ಒಂದು ತುಂಡು ನೆಲ ಬೇಕೆಂಬುದೇ ಅವರ ಬೇಡಿಕೆಯಾಗಿತ್ತು.

ಇಂತಹ ಸಣ್ಣ ತುಂಡಿಗೂ ಕಾನೂನು ಬೇಕೆಂದರೆ ನಗುವವರಿದ್ದಾರೆ. "ಹಿತ್ತಲಿಗೆ ಯಾವ ದೇಶದಲ್ಲಿ ಕಾಯ್ದೆಯಿದೆ?" ಎಂದು ಕೇಳುವವರಿದ್ದಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ ಎಸ್ಟೇಟು ಪದ್ಧತಿಯನ್ನು ನಮ್ಮ ಗುಡ್ಡಗಳಿಗೆ ತಂದ ಇಂಗ್ಲಿಷರ ದೇಶದಲ್ಲಿಯೇ ಇದೆ ಎಂಬುದು ಅವರಿಗೆ ನಮ್ಮ ಉತ್ತರ.

ಕೃಪೆಯಿಂದ ಕಾಯ್ದೆಯವರೆಗೆ

ಇಂಗ್ಲೆಂಡಿನಲ್ಲಿ ಅದಕ್ಕೆ ಅಲಾಟ್‌ಮೆಂಟ್ ಎನ್ನುತ್ತಾರೆ. ನಾವು ಹಂಚಿಕೆ ತೋಟ ಎನ್ನೋಣ. ಊರಿನ ಸ್ಥಳೀಯ ಸಂಸ್ಥೆಯು ತನ್ನ ಭೂಮಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಂಗಡಿಸಿ, ಮನೆಬಳಕೆಯ ತರಕಾರಿ ಹಣ್ಣು ಬೆಳೆದುಕೊಳ್ಳಲು ಜನರಿಗೆ ಬಾಡಿಗೆಗೆ ಕೊಡುವ ಪದ್ಧತಿ ಇದು. ರೂಢಿಯ ಒಂದು ತುಂಡು 10 ರಾಡ್, ಅಂದರೆ ಸುಮಾರು 250 ಚದರ ಮೀಟರು. ನಮ್ಮ ಲೆಕ್ಕದಲ್ಲಿ ಸರಿಯಾಗಿ ಎರಡೂವರೆ ಗುಂಟೆ.

ಈ ತುಂಡುಗಳು ದಾನವಾಗಿ ಬಂದವಲ್ಲ. ಕಳೆದುಕೊಂಡದ್ದರ ಅಲ್ಪ ಪರಿಹಾರವಾಗಿ ಬಂದವು. 1604ರಿಂದ 1914ರವರೆಗೆ ಅಲ್ಲಿಯ ಸಂಸತ್ತು ಐದು ಸಾವಿರಕ್ಕೂ ಹೆಚ್ಚು ಬೇಲಿ ಕಾಯ್ದೆಗಳನ್ನು ಮಾಡಿ, ಊರೊಟ್ಟಿನ ಗೋಮಾಳ, ಕುರುಚಲು ಕಾಡು, ಬಯಲುಗಳನ್ನು ಖಾಸಗಿಯವರ ವಶಕ್ಕೆ ಕೊಟ್ಟಿತು. ಹೀಗೆ ಬೇಲಿಯೊಳಗೆ ಹೋದದ್ದು ಸುಮಾರು 68 ಲಕ್ಷ ಎಕರೆ, ಇಂಗ್ಲೆಂಡಿನ ಐದನೆಯ ಒಂದು ಪಾಲು. ದನ ಮೇಯಿಸುತ್ತಿದ್ದವನು, ಸೌದೆ ತರುತ್ತಿದ್ದವಳು ಬರಿಯ ಕೂಲಿಯಾದರು. ಬಡವರ ಕೈತೋಟಕ್ಕೂ ಸ್ವಲ್ಪ ಜಾಗ ಬಿಡುವುದನ್ನು ಪರಿಗಣಿಸಬೇಕೆಂದು 1845ರ ಕಾಯ್ದೆ ಹೇಳಿತು. ಆದರೆ ಮುಂದಿನ ಇಪ್ಪತ್ತೈದು ವರ್ಷಗಳೊಳಗೆ ಬೇಲಿ ಹಾಕಿದ ಆರು ಲಕ್ಷಕ್ಕೂ ಹೆಚ್ಚು ಎಕರೆಯಲ್ಲಿ ಬಡವರ ಪಾಲಿಗೆ ಬಂದದ್ದು ಸುಮಾರು 2,200 ಎಕರೆ ಮಾತ್ರ!

ಆ ಕಾಲದಲ್ಲಿ ಜಮೀನುದಾರರೂ ಪಾದ್ರಿಗಳೂ ತಾವಾಗಿಯೇ ಕೆಲವು ತುಂಡುಗಳನ್ನು ಕೊಟ್ಟದ್ದುಂಟು. ಅವಕ್ಕೆ ನಿಯಮಗಳೂ ಇದ್ದವು. ಭಾನುವಾರ ಗುದ್ದಲಿ ಹಿಡಿಯಕೂಡದು, ಚರ್ಚಿಗೆ ತಪ್ಪದೆ ಹೋಗಬೇಕು, ಅಪರಾಧ ಸಾಬೀತಾದರೆ ತುಂಡು ಬಿಡಬೇಕು ಎಂಬಂತಹ ಷರತ್ತುಗಳವು. ಎಲ್ಲ ನಿಯಮಗಳೂ ಉಳುವವನ ಕೊರಳಿಗೆ. ಕೊಟ್ಟವನಿಗೆ ಒಂದೂ ಇಲ್ಲ. ಇದನ್ನೂ ವಿರೋಧಿಸಿದ ದೊಡ್ಡ ರೈತರು, ಆಳುಗಳು ಸ್ವಂತ ತುಂಡಿನಲ್ಲಿಯೇ ದಣಿದರೆ ತಮ್ಮ ಹೊಲದಲ್ಲಿ ದುಡಿಯುವವರಾರೆಂದು ಕೇಳಿದರು. ಈ ರಾಗ ಮಲೆನಾಡಿನ ಕಿವಿಗೆ ಹೊಸದೇನಲ್ಲ.

ಪರಿಸ್ಥಿತಿಯನ್ನು ಬದಲಿಸಿದ್ದು ಕಾನೂನು. ಬೇಡಿಕೆಯಿದ್ದಲ್ಲಿ ತುಂಡುಗಳನ್ನು ಒದಗಿಸುವ ಹೊಣೆಯನ್ನು 1887ರ ಕಾಯ್ದೆಯು ಸ್ಥಳೀಯ ಸಂಸ್ಥೆಗಳ ಮೇಲೆ ಹೊರಿಸಿತು. 1908ರ ಕಾಯ್ದೆಯು ಅದನ್ನು ಗಟ್ಟಿಗೊಳಿಸಿತು. ಊರಿನ ಆರು ಮಂದಿ ಮತದಾರರು ಅಥವಾ ತೆರಿಗೆದಾರರು ಲಿಖಿತವಾಗಿ ಕೇಳಿದರೆ ಸಂಸ್ಥೆಯು ಅದನ್ನು ಪರಿಶೀಲಿಸಲೇಬೇಕು. ಬೇಡಿಕೆ ನಿಜವೆಂದು ಕಂಡರೆ ಭೂಮಿ ಒದಗಿಸಲೇಬೇಕು. ಆರು ಸಹಿಗಳು ಸಾಕು! ನಮ್ಮಲ್ಲಿ ನಮೂನೆ 50, 53, 57 ಎಂದು ಮೂರು ತಲೆಮಾರಿನ ಅರ್ಜಿಗಳನ್ನು ತುಂಬಿಯೂ ತಾಲ್ಲೂಕು ಕಚೇರಿಯ ಕಟ್ಟೆ ಸವೆಸುತ್ತಿರುವವರು ಇದನ್ನು ಎರಡು ಬಾರಿ ಓದಬೇಕು.

ಕೊಡುವವನಿಗೂ ನಿಯಮ

ಅಲ್ಲಿಯ ನಿಯಮಗಳ ಹುರುಳು ಎಲ್ಲಿದೆ? ಪಡೆದವನು ತುಂಡನ್ನು ಪಾಳು ಬಿಡಬಾರದು. ಬೇರೆಯವರಿಗೆ ಒಳಗುತ್ತಿಗೆ ಕೊಡಬಾರದು. ತುಂಡು ಮುಖ್ಯವಾಗಿ ಮನೆಯ ಊಟಕ್ಕೇ ಹೊರತು ವ್ಯಾಪಾರಕ್ಕಲ್ಲ. ಬೇಲಿ ಸವರಬೇಕು, ನಡುವಿನ ಕಾಲುದಾರಿ ತೆರವಾಗಿಡಬೇಕು. ಇವಿಷ್ಟು ಪಡೆದವನ ಕರ್ತವ್ಯಗಳು.

ಕೊಡುವವರ ಕೈಯನ್ನೂ ಕಾನೂನು ಕಟ್ಟಿದೆ. ಸಾಮಾನ್ಯವಾಗಿ 12 ತಿಂಗಳ ಮುನ್ಸೂಚನೆಯಿಲ್ಲದೆ ತುಂಡನ್ನು ಬಿಡಿಸುವಂತಿಲ್ಲ; ಆ ಸೂಚನೆಯ ಗಡುವು ಏಪ್ರಿಲ್ 6ರಿಂದ ಸೆಪ್ಟೆಂಬರ್ 29ರ ನಡುವೆ ಮುಗಿಯುವಂತೆಯೂ ಇರಬಾರದು. ಏಕೆಂದರೆ ಅದು ಅಲ್ಲಿಯ ಬೆಳೆಯ ಕಾಲ. ನೆಟ್ಟ ಬೆಳೆ ನೆಲದಲ್ಲಿರುವಾಗ ನೆಟ್ಟವನನ್ನು ಎಬ್ಬಿಸಬಾರದೆಂಬ ವಿವೇಕ 1922ರ ಕಾಯ್ದೆಯಲ್ಲಿದೆ. ಹಂಚಿಕೆ ತೋಟಕ್ಕೆಂದೇ ಕೊಂಡ ಅಥವಾ ಮೀಸಲಿಟ್ಟ ಭೂಮಿಯನ್ನು ಸಚಿವರ ಒಪ್ಪಿಗೆಯಿಲ್ಲದೆ ಮಾರಕೂಡದೆಂದು 1925ರ ಕಾಯ್ದೆ ವಿಧಿಸಿತು. ಕೋಳಿ ಮೊಲಗಳನ್ನು ಸಾಕಿಕೊಳ್ಳುವ ಹಕ್ಕನ್ನು 1950ರ ಕಾಯ್ದೆ ಕೊಟ್ಟಿತು.

ಬಾಡಿಗೆಯ ವಿಷಯದಲ್ಲಿಯೂ ಹೀಗೆಯೇ. ಪಡೆದವನಿಂದ ನ್ಯಾಯವಾಗಿ ನಿರೀಕ್ಷಿಸಬಹುದಾದಷ್ಟೇ ಬಾಡಿಗೆ ಎಂಬುದು 1950ರ ಕಾಯ್ದೆಯ ಮಾತು. ಊರಿನ ಇತರ ಮನರಂಜನಾ ಸೌಲಭ್ಯಗಳ ದರಕ್ಕೆ ಹೊಂದದಂತೆ ತೋಟದ ಬಾಡಿಗೆಯೊಂದನ್ನೇ ಏರಿಸುವುದು ಸಲ್ಲದೆಂದು 1981ರಲ್ಲಿ ಅಲ್ಲಿಯ ನ್ಯಾಯಾಲಯವೂ ತೀರ್ಪಿತ್ತಿತು. ಜರ್ಮನಿಯ 1983ರ ಕಾಯ್ದೆ ಇನ್ನೂ ಸ್ಪಷ್ಟ. ಒಂದು ತುಂಡು 400 ಚದರ ಮೀಟರು ಮೀರಬಾರದು. ಅದರಲ್ಲಿಯ ಗುಡಿಸಲು 24 ಚದರ ಮೀಟರು ಮೀರಬಾರದು. ಬಾಡಿಗೆಯು ಆ ಪ್ರದೇಶದ ಹಣ್ಣು ತರಕಾರಿ ಬೇಸಾಯದ ಗೇಣಿಯ ನಾಲ್ಕು ಪಟ್ಟು ಮೀರಬಾರದು. ಸುತ್ತಲಿನ ನಿವೇಶನದ ಬೆಲೆ ಎಷ್ಟೇ ಏರಲಿ, ಕೈತೋಟದ ಬಾಡಿಗೆ ಕೃಷಿಯ ಲೆಕ್ಕವನ್ನೇ ಹಿಡಿದು ನಡೆಯುತ್ತದೆ. ರೆಸಾರ್ಟುಗಳು ಬಂದು ಗುಡ್ಡದ ಬೆಲೆ ಗಗನಕ್ಕೇರಿರುವ ನಮ್ಮ ಊರುಗಳಿಗೆ ಇದಕ್ಕಿಂತ ಉಪಯುಕ್ತವಾದ ಸೂತ್ರ ಬೇರೊಂದಿಲ್ಲ.

ಕಾಯ್ದೆಯೊಂದೇ ಸಾಲದು

ಆದರೆ ಕಾಗದದ ಮೇಲಿನ ಕಾಯ್ದೆ ತಾನಾಗಿಯೇ ಭೂಮಿಯನ್ನು ಕಾಯುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಸುಮಾರು 14 ಲಕ್ಷ ತುಂಡುಗಳಿದ್ದವು. ಈಗ ಉಳಿದಿರುವುದು ಸುಮಾರು ಮೂರು ಲಕ್ಷ. ಪೂರ್ವ ಲಂಡನ್ನಿನ ಮ್ಯಾನರ್ ಗಾರ್ಡನ್ ಎಂಬಲ್ಲಿ ಸುಮಾರು ನೂರು ವರ್ಷ ಜನರು ಬೆಳೆದು ಉಂಡ ತೋಟಗಳನ್ನು 2012ರ ಒಲಿಂಪಿಕ್ಸ್‌ಗಾಗಿ 2007ರಲ್ಲಿ ನೆಲಸಮ ಮಾಡಲಾಯಿತು. ವಾಟ್‌ಫರ್ಡ್ ಪಟ್ಟಣದ ಫಾರ್ಮ್ ಟೆರೇಸ್ ತೋಟವನ್ನು ಕಟ್ಟಡ ಯೋಜನೆಗೆ ಬಿಟ್ಟುಕೊಡಲು ಸಚಿವರು ಒಪ್ಪಿದಾಗ ತೋಟದವರು ನ್ಯಾಯಾಲಯಕ್ಕೆ ಹೋದರು. ಎರಡು ಬಾರಿ ಆ ಒಪ್ಪಿಗೆ ರದ್ದಾಯಿತು. ಮೂರನೆಯ ಬಾರಿ, 2016ರಲ್ಲಿ, ಅವರು ಸೋತರು.

ಕೊನೆಗೂ ಸೋತರಲ್ಲ, ಏನು ಪ್ರಯೋಜನ ಎನ್ನಬಹುದು. ಅವರು ವರ್ಷಗಟ್ಟಲೆ ನ್ಯಾಯಾಲಯದಲ್ಲಿ ನಿಂತು ವಾದಿಸಿದರು ಎಂಬುದೇ ಪ್ರಯೋಜನ. ಲೈನ್ ಮನೆಯ ಹಿತ್ತಲು ಹೋದಾಗ ವಾದಿಸಲು ಯಾವ ನ್ಯಾಯಾಲಯವಿದೆ? ಯಾವ ಸಚಿವನ ಸಹಿ ಬೇಕು? ಒಬ್ಬ ರೈಟರನ ಬಾಯಿಮಾತು ಸಾಕು.

ಅವರು ಹಾಗೆ ನಿಲ್ಲಲು ಸಾಧ್ಯವಾದದ್ದು ಒಟ್ಟಾಗಿ ಬೆಳೆಯುವ ರೂಢಿಯಿಂದ. ಅಲ್ಲಿಯ ತೋಟಗಳಿಗೆ ತಮ್ಮದೇ ಸಂಘಗಳಿವೆ. ಬೀಜವನ್ನು ಒಟ್ಟಿಗೆ ಕೊಳ್ಳುತ್ತಾರೆ, ವಿನಿಮಯ ಮಾಡಿಕೊಳ್ಳುತ್ತಾರೆ. ಬೇಲಿ, ನೀರಿನ ಕೊಳವೆ, ದಾರಿಗಳ ದುರಸ್ತಿಗೆ ದಿನ ಗೊತ್ತುಮಾಡಿ ಎಲ್ಲರೂ ಕೈಜೋಡಿಸುತ್ತಾರೆ. ಬೇಸಗೆಯ ಕೊನೆಗೆ ಯಾರ ಈರುಳ್ಳಿ ದೊಡ್ಡದು, ಯಾರ ಕುಂಬಳ ಭಾರವೆಂದು ಪ್ರದರ್ಶನ ನಡೆಸುತ್ತಾರೆ. ಜರ್ಮನಿಯ ಸಂಘಗಳಲ್ಲಿ ವರ್ಷಕ್ಕೆ ಇಂತಿಷ್ಟು ಗಂಟೆ ಸಾಮುದಾಯಿಕ ದುಡಿಮೆ ಸಾಮಾನ್ಯ ನಿಯಮ. ನೋಡುವವರಿಗೆ ಇದು ಹಬ್ಬ. ಆದರೆ ಈರುಳ್ಳಿ ತೂಗಲು ಸೇರಿದವರೇ ನೋಟೀಸು ಬಂದ ದಿನವೂ ಸೇರುತ್ತಾರೆ.

ಇದನ್ನು ನಾವು ಕಡಲಾಚೆಯಿಂದ ಕಲಿಯಬೇಕಾಗಿಲ್ಲ. ಮುಯ್ಯಾಳಿನ ಪದ್ಧತಿ ನಮ್ಮದು. ಭೂಮಿ ಹುಣ್ಣಿಮೆಯಂದು ಬೆಳೆದ ನೆಲಕ್ಕೆ ಬಯಕೆಯೂಟ ಬಡಿಸುವ ಜನ ನಾವು. ಶಿರಸಿಯ ವನಸ್ತ್ರೀ ಬಳಗವು ಹಿತ್ತಲಿನ ಬೀಜಗಳನ್ನು ಕಾಪಿಟ್ಟು, ಮಲೆನಾಡು ಮೇಳದಲ್ಲಿ ಹೆಣ್ಣುಮಕ್ಕಳು ಅವನ್ನು ಹಂಚಿಕೊಳ್ಳುವಂತೆ ಮಾಡಿದೆ. ಕೆಸುವಿನ ತಳಿಗಳು, ಮೊಗೆಕಾಯಿ, ಸೂಜಿಮೆಣಸು ಉಳಿದಿರುವುದು ಬೀಜದ ಅಂಗಡಿಗಳಿಂದಲ್ಲ, ಹಿತ್ತಲುಗಳಿಂದ. ಹಿತ್ತಲೇ ಇಲ್ಲದವಳು ಮೇಳದಿಂದ ತಂದ ಬೀಜವನ್ನು ಎಲ್ಲಿ ಊರಬೇಕು?

ನಮ್ಮ ಬೇಡಿಕೆ

ಲೆಕ್ಕ ಸರಳವಾಗಿದೆ. 25 ಎಕರೆ ಎಂದರೆ 1,000 ಗುಂಟೆ. ಎರಡೂವರೆ ಗುಂಟೆಯಂತೆ ಹಂಚಿದರೆ 400 ಕೈತೋಟಗಳು. ಒಂದು ಒತ್ತುವರಿ ಕುಟುಂಬಕ್ಕೆ 30 ವರ್ಷ ಗುತ್ತಿಗೆ ಕೊಡಲು ಸಿದ್ಧವಾದಷ್ಟು ನೆಲದಲ್ಲಿ 400 ಕುಟುಂಬಗಳು ತಮ್ಮ ಸೊಪ್ಪು ತರಕಾರಿ ಬೆಳೆದುಕೊಳ್ಳಬಲ್ಲವು. ಆದ್ದರಿಂದ "ಭೂಮಿ ಎಲ್ಲಿದೆ?" ಎಂಬ ಪ್ರಶ್ನೆಯನ್ನು ಇನ್ನು ಮುಂದೆ ಯಾರೂ ನಮ್ಮೆದುರು ಎತ್ತಬಾರದು.

ಕಾಡನ್ನು ಕಡಿದು ಕೊಡಿ ಎಂದು ನಾವು ಕೇಳುತ್ತಿಲ್ಲ. ಹಾಗೆ ಕೇಳುವ ದಿನ ಈ ಪತ್ರಿಕೆ ತನ್ನ ಹೆಸರನ್ನು ಕಳೆದುಕೊಂಡಂತೆ. ಒತ್ತುವರಿಗೆ ಸಿಕ್ಕಿ ಈಗಾಗಲೇ ಸಾಗುವಳಿಯಲ್ಲಿರುವ ಕಂದಾಯ ಭೂಮಿಯಲ್ಲಿ, ಯಾವುದೇ ಗುತ್ತಿಗೆಗೆ ಸಹಿ ಬೀಳುವ ಮೊದಲು, ಊರಿನ ಪಾಲನ್ನು ತೆಗೆದಿಡಬೇಕು. ಸಾರ್ವಜನಿಕ ಉದ್ದೇಶಕ್ಕೆ ಸರ್ಕಾರಿ ಭೂಮಿಯನ್ನು ಮೀಸಲಿಡುವ ಅಧಿಕಾರವನ್ನು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 71ನೆಯ ಕಲಮು ಕೊಟ್ಟಿದೆ. ಗೋಮಾಳಕ್ಕೆ, ಸ್ಮಶಾನಕ್ಕೆ ಮೀಸಲಿಡಬಹುದಾದರೆ ಬದುಕಿರುವವರ ಕೈತೋಟಕ್ಕೆ ಏಕಾಗದು?

ತುಂಡಿನ ಒಡೆತನ ಊರಿನದಾಗಿರಲಿ; ಮಾರುವ, ಒತ್ತೆಯಿಡುವ, ಒಳಗುತ್ತಿಗೆ ಕೊಡುವ ಅವಕಾಶ ಬೇಡ. ಮನೆಯ ಹೆಣ್ಣುಮಗಳ ಹೆಸರಿನಲ್ಲಿ ಚೀಟಿಯಿರಲಿ. ತೋಟದ ಕೆಲಸ ಬಿಟ್ಟರೂ ಕೈತೋಟ ಬಿಡಬೇಕಾಗಿಲ್ಲವೆಂದು ಅದರಲ್ಲಿ ಬರೆದಿರಲಿ. ಬಾಡಿಗೆ ಒಂದು ದಿನದ ಕೂಲಿಯನ್ನು ಮೀರದಿರಲಿ. ಒಂದು ವರ್ಷದ ಮುನ್ಸೂಚನೆಯಿಲ್ಲದೆ, ಮುಂಗಾರಿನಿಂದ ಗೆಡ್ಡೆ ಕೀಳುವವರೆಗಿನ ಅವಧಿಯಲ್ಲಿ, ಯಾರನ್ನೂ ಎಬ್ಬಿಸದಿರಲಿ. ಕಳೆನಾಶಕ ಸಿಂಪಡಿಸುವುದಕ್ಕೆ ನಿಷೇಧವಿರಲಿ. ವರ್ಷಕ್ಕೆ ಕೆಲವು ದಿನಗಳ ಮುಯ್ಯಿ, ಒಂದು ಬೀಜದ ಮೇಳ ಕಡ್ಡಾಯವಾಗಿರಲಿ.

ಹೀಗೆ ಕೊಟ್ಟರೆ ಅದೇ ಹೊಸ ಒತ್ತುವರಿಗೆ ದಾರಿಯಾಗುತ್ತದೆ ಎನ್ನುವವರೂ ಇದ್ದಾರೆ. ಮಲೆನಾಡಿನಲ್ಲಿ ಒತ್ತುವರಿ ಬೆಳೆದದ್ದು ನಿಯಮವಿದ್ದ ಸಣ್ಣ ತುಂಡುಗಳಿಂದಲ್ಲ. ನಿಯಮಕ್ಕೆ ಅಂಜದ ದೊಡ್ಡ ಕೈಗಳಿಂದ. ಅಳೆದು, ಕಲ್ಲು ನೆಟ್ಟು, ಊರೆದುರು ಹೆಸರು ಓದಿದ ಎರಡೂವರೆ ಗುಂಟೆ ಎಲ್ಲಿಗೂ ಹಬ್ಬುವುದಿಲ್ಲ. ಅಕ್ಕಪಕ್ಕದ ತುಂಡಿನವರೇ ಅದರ ಕಾವಲುಗಾರರು. ಇನ್ನು, "ನಮ್ಮ ಲೈನಿನವರಿಗೆ ನಾವೇ ಜಾಗ ಬಿಟ್ಟಿದ್ದೇವಲ್ಲ" ಎನ್ನುವ ಮಾಲೀಕರೂ ಇದ್ದಾರೆ. ಬಿಟ್ಟಿದ್ದೀರಿ, ಸಂತೋಷ. ಅದನ್ನು ಬರೆದು ಕೊಡುತ್ತೀರಾ?

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಮನವಿ. ನಿಮ್ಮ ಪಂಚಾಯಿತಿಯಲ್ಲಿ ಹಿತ್ತಲಿಲ್ಲದ ಮನೆಗಳೆಷ್ಟು, ಗುತ್ತಿಗೆಗೆ ಅರ್ಜಿ ಬಿದ್ದ ಎಕರೆಗಳೆಷ್ಟು ಎಂಬ ಎರಡು ಅಂಕಿಗಳನ್ನು ಸಂಗ್ರಹಿಸಿ. ಎರಡನೆಯದು ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿ. ಆ ಎರಡು ಅಂಕಿಗಳನ್ನು ಒಂದೇ ಹಾಳೆಯ ಮೇಲೆ ಬರೆದು ಮುಂದಿನ ಗ್ರಾಮಸಭೆಯಲ್ಲಿ ಓದಿ. ಊರಿನ ಹಿರಿಯರು, ಲೈನ್ ಮನೆಯ ತಾಯಂದಿರು ಆರು ಜನ ಆ ಹಾಳೆಗೆ ಸಹಿ ಮಾಡಲಿ, ಹೆಬ್ಬೆಟ್ಟು ಒತ್ತಲಿ. ಆರು ಸಹಿಗೆ ಓಗೊಡಬೇಕೆಂಬ ಕಾನೂನು ನಮ್ಮಲ್ಲಿ ಇಲ್ಲವೆಂದು ಅಧಿಕಾರಿಗಳು ಹೇಳಬಹುದು. ಆರು ಇದ್ದದ್ದು ಅರುವತ್ತಾಗಲಿ, ಅರುವತ್ತು ಆರುನೂರಾಗಲಿ. ಕಾನೂನು ಬರುವವರೆಗೆ ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಈ ಬೇಡಿಕೆ ಪ್ರತಿ ಬಾರಿಯೂ ದಾಖಲಾಗುತ್ತಲೇ ಇರಲಿ.