ಚಾಲಕನ ಕೈಗೆ ಕೆಲಸ ಉಳಿಯಲಿ

2022ರ ಏಪ್ರಿಲ್ ತಿಂಗಳಿನಲ್ಲಿ, ಅಮೆರಿಕದ ವರ್ಜೀನಿಯ ಪ್ರಾಂತದ ಮಾರ್ಟಿನ್ಸ್‌ವಿಲ್ ಎಂಬ ಊರಿನ ಕಿರುಪಥದಲ್ಲಿ ನಡೆದ ನಾಸ್ಕಾರ್ ಕಪ್ ಕಾರುಪಂದ್ಯವು 403 ಸುತ್ತುಗಳವರೆಗೆ ಸಾಗಿದರೂ, ಮುಂಚೂಣಿಯ ಸ್ಥಾನವು ಹೆಚ್ಚುಕಡಮೆ ಮೊದಲಿನಿಂದ ಕಡೆಯವರೆಗೆ ಚೇಸ್ ಎಲಿಯಟ್ ಮತ್ತು ವಿಲಿಯಂ ಬೈರನ್ ಎಂಬ ಇಬ್ಬರೇ ಚಾಲಕರ ವಶದಲ್ಲಿದ್ದು, ಉಳಿದವರೆಲ್ಲರೂ ತಮ್ಮ ಮುಂದಿನವನನ್ನು ದಾಟಲಾರದೆ ಸಾಲುಗಟ್ಟಿ ಸುತ್ತಿದರು. ಅದೇ ಮಾದರಿಯ ಕಾರುಗಳು, 2024ರ ಮೇ ತಿಂಗಳಿನಲ್ಲಿ, ಕಾನ್ಸಾಸಿನ ಒಂದೂವರೆ ಮೈಲಿಯ ಪಥದ ಮೇಲೆ ಓಡಿದಾಗ ಕೈಲ್ ಲಾರ್ಸನ್ನನು ಕ್ರಿಸ್ ಬ್ಯೂಶರನನ್ನು 0.001 ಸೆಕೆಂಡಿನ ಅಂತರದಿಂದ ಸೋಲಿಸಿದನು. ಆ ಕಪ್ಪಿನ ಇತಿಹಾಸದಲ್ಲಿ ಅದಕ್ಕಿಂತ ಕಿರಿದಾದ ಗೆಲುವು ಮತ್ತೊಂದಿಲ್ಲ. ಒಂದೇ ಯಂತ್ರವು ಒಂದು ಪಥದಲ್ಲಿ ಸ್ಪರ್ಧೆಯನ್ನು ಪರಮಾವಧಿಗೆ ಏರಿಸಿ, ಇನ್ನೊಂದರಲ್ಲಿ ಅದನ್ನು ಮೆರವಣಿಗೆಯ ಮಟ್ಟಕ್ಕೆ ಇಳಿಸಿದುದು ಹೇಗೆಂಬುದೇ ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

ನಾಸ್ಕಾರ್ ನಡೆಸುವ ಸ್ಟಾಕ್ ಕಾರ್ ಪಂದ್ಯಗಳಲ್ಲಿ ನಿಯಮ ಮತ್ತು ಯಂತ್ರಗಳ ನಡುವಣ ಹೋರಾಟ ಹೊಸದೇನೂ ಅಲ್ಲ. 1949ರಲ್ಲಿ ಷಾರ್ಲಟ್ ನಗರದಲ್ಲಿ ನಡೆದ ಈ ಕಪ್ಪಿನ ಮೊತ್ತಮೊದಲ ಪಂದ್ಯದಲ್ಲಿಯೇ, ಮೊದಲಿಗನಾಗಿ ಗುರಿ ಮುಟ್ಟಿದ ಗ್ಲೆನ್ ಡನವೇ ಎಂಬಾತನ ಕಾರಿನ ಸ್ಪ್ರಿಂಗುಗಳನ್ನು ನಿಯಮಬಾಹಿರವಾಗಿ ಮಾರ್ಪಡಿಸಲಾಗಿದೆಯೆಂದು ಕಂಡುಬಂದುದರಿಂದ, ಜಯವನ್ನು ಜಿಮ್ ರೋಪರನಿಗೆ ಕೊಡಬೇಕಾಯಿತು. 1970ರಲ್ಲಿ ಬಡ್ಡಿ ಬೇಕರನು ಟ್ಯಾಲಡೆಗದಲ್ಲಿ ಗಂಟೆಗೆ 200 ಮೈಲಿಯ ವೇಗವನ್ನು ಮೀರಿದನು. 1987ರಲ್ಲಿ ಅದೇ ಪಥದಲ್ಲಿ ಬಾಬಿ ಆಲಿಸನ್ನನ ಕಾರು ಗಾಳಿಗೆದ್ದು ಪ್ರೇಕ್ಷಕರ ಮುಂದಣ ಬೇಲಿಯನ್ನು ಹರಿದುಹಾಕಿದುದರಿಂದ, ಮುಂದಿನ ವರ್ಷವೇ ಎಂಜಿನ್ನಿಗೆ ಹೋಗುವ ಗಾಳಿಯನ್ನು ತಡೆಯುವ ರಂಧ್ರದ ತಗಡುಗಳನ್ನು ಅಂಥ ಮಹಾಪಥಗಳಲ್ಲಿ ಕಡ್ಡಾಯಮಾಡಿದರು. 2001ರಲ್ಲಿ ಡೇಲ್ ಅರ್ನ್‌ಹಾರ್ಟ್ ಡೇಟೋನದಲ್ಲಿ ಮೃತನಾದ ಮೇಲೆ ಕತ್ತನ್ನು ರಕ್ಷಿಸುವ ಸಾಧನವೂ, ಹೊಡೆತವನ್ನು ಹೀರಿಕೊಳ್ಳುವ ಗೋಡೆಗಳೂ ಬಂದವು. ಅಪಾಯವನ್ನು ತಡೆಯಲು ಮಾಡಿದ ಇಂಥ ಬದಲಾವಣೆಗಳಿಗೆ ವಿವೇಕಿಗಳು ಯಾರೂ ಆಕ್ಷೇಪಿಸಲಾರರು. ಆದರೆ 2022ರಲ್ಲಿ ಬಂದ 'ನೆಕ್ಸ್ಟ್ ಜೆನ್' ಕಾರು ಒಂದೆರಡು ಭಾಗಗಳ ತಿದ್ದುಪಡಿಯಾಗಿರದೆ, ಅರ್ಧಶತಮಾನದಿಂದ ನಡೆದುಬಂದ ರಚನೆಯನ್ನೇ ಬುಡಮಟ್ಟ ಬದಲಿಸಿದ ಸಾಹಸವಾಗಿದ್ದಿತು.

ಹಿಂದಿನ ಕಾರಿನಲ್ಲಿ ಹಿಂಬದಿಯ ಎರಡು ಗಾಲಿಗಳನ್ನು ಒಂದೇ ಗಟ್ಟಿ ಆಕ್ಸಲ್ ಜೋಡಿಸುತ್ತಿದ್ದರೆ, ಹೊಸದರಲ್ಲಿ ಗಾಲಿಗಳೆರಡೂ ಸ್ವತಂತ್ರವಾಗಿ ಏರಿಳಿಯುವ ಸಸ್ಪೆನ್ಷನ್ನು ಬಂದಿತು. 15 ಅಂಗುಲದ ಉಕ್ಕಿನ ಚಕ್ರಗಳಿದ್ದೆಡೆ 18 ಅಂಗುಲದ ಅಲ್ಯೂಮಿನಿಯಮ್ ಚಕ್ರಗಳೂ, ಅವುಗಳಿಗೊಪ್ಪುವ ಅಗಲವಾದ ಟೈರುಗಳೂ, ದೊಡ್ಡ ಬ್ರೇಕುಗಳೂ ಬಂದವು. ಐದು ನಟ್ಟುಗಳ ಬದಲು ನಡುವೆ ಒಂದೇ ನಟ್ಟು, ನಾಲ್ಕು ಗೇರುಗಳ ಬದಲು ಕ್ರಮವಾಗಿ ಹಿಂದುಮುಂದಕ್ಕೆ ತಳ್ಳುವ ಐದು ಗೇರುಗಳು, ಬಲಕ್ಕೆ ಓರೆಯಾಗಿದ್ದ ಒಡಲಿನ ಬದಲು ಎಡಬಲಗಳೆರಡೂ ಸಮನಾದ ಒಡಲು, ಅಡಿಭಾಗದಲ್ಲಿ ನುಣುಪಾದ ಹೊದಿಕೆ ಮತ್ತು ಅದರ ಕೊನೆಯಲ್ಲಿ ಗಾಳಿಯನ್ನು ಹೀರಿ ಹೊರಗೆಳೆಯುವ ಡಿಫ್ಯೂಸರು ಸೇರಿದವು. ಚೌಕಟ್ಟು ಒಬ್ಬರಿಂದ, ಗೇರುಪೆಟ್ಟಿಗೆ ಇನ್ನೊಬ್ಬರಿಂದ ಎಂಬಂತೆ ಪ್ರತಿಯೊಂದು ಮುಖ್ಯ ಭಾಗವನ್ನೂ ಎಲ್ಲ ತಂಡಗಳವರೂ ಒಬ್ಬನೇ ತಯಾರಕನಿಂದ ಕೊಳ್ಳಬೇಕೆಂದು ವಿಧಿಸಿ, ಮುಟ್ಟಿ ತಿದ್ದಿದವರಿಗೆ ಭಾರಿ ದಂಡವನ್ನು ಹಾಕತೊಡಗಿದರು. ಮೊದಲ ವರ್ಷದ ಮಾರ್ಚ್ ತಿಂಗಳಿನಲ್ಲಿಯೇ ಬ್ರಾಡ್ ಕೆಸಲೌಸ್ಕಿಯ ತಂಡವು ಇಂಥ ಒಂದು ಭಾಗವನ್ನು ಮಾರ್ಪಡಿಸಿದುದಕ್ಕಾಗಿ 100 ಅಂಕಗಳನ್ನು ಕಳೆದುಕೊಂಡಿತು.

ಈ ಸಮಾನತೆಯ ಫಲ ಒಂದೆಡೆ ಶುಭವೇ ಆಯಿತು. 2022ರ ಋತುವಿನಲ್ಲಿ 19 ಮಂದಿ ಬೇರೆಬೇರೆ ಚಾಲಕರು ಗೆದ್ದು, 2001ರ ದಾಖಲೆಯನ್ನು ಸರಿಗಟ್ಟಿದರು. ಚಿಕ್ಕ ತಂಡಗಳಿಗೂ ದೊಡ್ಡ ತಂಡಗಳಿಗೂ ನಡುವಣ ಕಂದರವು ಕಿರಿದಾಯಿತು. ಒಂದೂವರೆ ಮೈಲಿಯ ಪಥಗಳಲ್ಲಿ, ಹಿಂದೆ ಬರುವವನಿಗೆ ಮುಂದಿನ ಕಾರು ಕಲಕಿದ ಗಾಳಿಯಿಂದ ಆಗುತ್ತಿದ್ದ ನಷ್ಟವನ್ನು ಅಡಿಹೊದಿಕೆಯು ತಕ್ಕಮಟ್ಟಿಗೆ ತಗ್ಗಿಸಿದುದಷ್ಟೇ ಅಲ್ಲದೆ, ಓರೆಯೊಡಲಿನ ಆಸರೆ ತಪ್ಪಿದ ಕಾರು ಒಮ್ಮೆ ಜಾರತೊಡಗಿದರೆ ತಡೆಯಲಾರದಂತೆ ತಿರುಗಿಬಿಡುವುದರಿಂದ, ಚಾಲಕನು ಅಂಚಿನ ಮೇಲೆ ನಡೆಯುವವನಂತೆ ಎಚ್ಚರದಿಂದಿರಬೇಕಾಯಿತು. ಅಲ್ಲಿ ಯಂತ್ರವು ಮನುಷ್ಯನನ್ನು ಪರೀಕ್ಷಿಸುತ್ತಲೇ ಇದೆ.

ಕಿರುಪಥಗಳಲ್ಲಿ ಆದುದು ಇದಕ್ಕೆ ತದ್ವಿರುದ್ಧ. ನಮ್ಮ ಕರಾವಳಿಯ ಜೋಡುಕರೆ ಕಂಬಳದಲ್ಲಿ ಪ್ರತಿಯೊಂದು ಜೋಡಿಗೂ ತನ್ನದೇ ಕರೆಯಿರುವುದರಿಂದ ಒಬ್ಬನ ಓಟ ಮತ್ತೊಬ್ಬನಿಗೆ ಅಡ್ಡಬರುವುದಿಲ್ಲ. ಮಾರ್ಟಿನ್ಸ್‌ವಿಲ್ಲಿನಲ್ಲಾದರೋ ಎಲ್ಲರಿಗೂ ಲಾಭಕರವಾದ ದಾರಿ ಒಂದೇ ಆಗಿದ್ದು, ಅದನ್ನು ಹಿಡಿದವನನ್ನು ಎಬ್ಬಿಸುವುದಕ್ಕೆ ಅವನು ತಪ್ಪು ಮಾಡುವವರೆಗೆ ಕಾಯಬೇಕಾಗುತ್ತದೆ. ಹಿಂದೆ ಆ ತಪ್ಪುಗಳು ಸಹಜವಾಗಿ ಆಗುತ್ತಿದ್ದವು. ಬ್ರೇಕು ದುರ್ಬಲವಾಗಿದ್ದುದರಿಂದ ಬಹುದೂರದಿಂದಲೇ ವೇಗವನ್ನು ತಗ್ಗಿಸಬೇಕಾಗುತ್ತಿತ್ತು. ಆ ದೂರದಲ್ಲಿ ಒಬ್ಬನು ಇನ್ನೊಬ್ಬನಿಗಿಂತ ಹತ್ತು ಅಡಿ ತಡವಾಗಿ ಪೆಡಲನ್ನು ಒತ್ತಿದರೂ ಸಾಕು, ಮಗ್ಗುಲಿಗೆ ಬಂದುಬಿಡುತ್ತಿದ್ದನು. ದೊಡ್ಡ ಬ್ರೇಕುಗಳು ಆ ದೂರವನ್ನು ಕುಗ್ಗಿಸಿದುವು. ತಿರುವಿನಲ್ಲಿ ವೇಗ ಕಳೆದುಕೊಂಡವನು ಹಿಂದೆ ನೇರದಾರಿಯುದ್ದಕ್ಕೂ ಆ ತಪ್ಪಿನ ಬೆಲೆ ತೆರುತ್ತಿದ್ದನು. ಈಗ ಒಂದು ಗೇರು ಕೆಳಗಿಳಿಸಿ ಕ್ಷಣಮಾತ್ರದಲ್ಲಿ ಅದನ್ನು ತುಂಬಿಕೊಳ್ಳುತ್ತಾನೆ. ಎಂಜಿನ್ನಿನ ಶಕ್ತಿ 670 ಅಶ್ವಶಕ್ತಿಗೆ ಇಳಿದುದರಿಂದ, ಅಗಲವಾದ ಟೈರುಗಳ ಹಿಡಿತದ ಮುಂದೆ ಅದು ಸಾಲದಾಗಿ, ತಿರುವಿನಿಂದ ಹೊರಬರುವಾಗ ಕಾಲನ್ನು ಹದವಾಗಿ ಒತ್ತುವ ಕಲೆಗೆ ಬೆಲೆಯಿಲ್ಲದಾಯಿತು. ಟೈರು ಸವೆಯದೆ ಕೊನೆಯವರೆಗೂ ಹೊಸದರಂತೆಯೇ ಇದ್ದುದರಿಂದ, ಅದನ್ನು ಉಳಿಸಿಕೊಂಡು ಓಡಿಸುವ ಜಾಣ್ಮೆಗೂ ಪ್ರತಿಫಲ ದೊರೆಯದಾಯಿತು. ಈ ನಾಲ್ಕೂ ಒಂದೇ ಕಡೆಗೆ ಎಳೆಯುತ್ತವೆ: ಚಾಲಕನ ತಪ್ಪನ್ನು ಯಂತ್ರವೇ ಮುಚ್ಚಿಹಾಕುತ್ತದೆ; ತಪ್ಪು ಕಾಣದಲ್ಲಿ ದಾಟುವ ಸಂದರ್ಭವೂ ಒದಗುವುದಿಲ್ಲ.

ನಾಸ್ಕಾರಿನ ಅಧಿಕಾರಿಗಳು ಈ ಕೊರತೆಯನ್ನು ಕಂಡರೂ, ಬಹುಕಾಲ ಅದರ ಮೂಲವನ್ನು ಗಾಳಿಯಲ್ಲಿಯೇ ಹುಡುಕಿದರು. 2023ರಲ್ಲಿ ಕಿರುಪಥಗಳಿಗೆಂದು ಹಿಂಬದಿಯ ರೆಕ್ಕೆಯಾದ ಸ್ಪಾಯ್ಲರನ್ನು 4 ಅಂಗುಲದಿಂದ 2 ಅಂಗುಲಕ್ಕೆ ತಗ್ಗಿಸಿ, ಡಿಫ್ಯೂಸರಿನ ಕೆಲವು ಭಾಗಗಳನ್ನು ತೆಗೆದರು. 2024ರಲ್ಲಿ ಡಿಫ್ಯೂಸರನ್ನು ಇನ್ನೂ ಸರಳಗೊಳಿಸಿದರು. ಫಲ ಅತ್ಯಲ್ಪ. ಗಾಳಿಯ ಒತ್ತಡವು ವೇಗದ ವರ್ಗದಂತೆ ಏರುವುದರಿಂದ, ವೇಗವೇ ಕಡಮೆಯಾಗಿರುವ ಅರ್ಧಮೈಲಿಯ ಪಥದಲ್ಲಿ ರೆಕ್ಕೆಯ ಎರಡಂಗುಲವನ್ನು ಕತ್ತರಿಸಿದುದರಿಂದ ಆಗುವ ಭೇದ ಕಿರಿದೇ ಇರಬೇಕೆಂಬುದನ್ನು ಮೊದಲೇ ಊಹಿಸಬಹುದಾಗಿತ್ತು.

ನಿಜವಾದ ಉತ್ತರವು ಯಾರೂ ಉದ್ದೇಶಿಸದೆ 2024ರ ಮಾರ್ಚ್ ತಿಂಗಳಿನಲ್ಲಿ ಟೆನೆಸೀ ಪ್ರಾಂತದ ಬ್ರಿಸ್ಟಲ್ ಪಥದಲ್ಲಿ ದೊರೆಯಿತು. ಅಂದು ಗುಡ್‌ಇಯರ್ ಟೈರುಗಳು ನಿರೀಕ್ಷೆಯನ್ನು ಮೀರಿ ಸವೆದು, ಐವತ್ತರ ಆಸುಪಾಸಿನ ಸುತ್ತುಗಳಲ್ಲಿ ಒಳಗಿನ ನಾರು ಕಾಣತೊಡಗಿದುದರಿಂದ, ಪಂದ್ಯದ ನಡುವೆ ತಂಡಗಳಿಗೆ ಹೆಚ್ಚಿನ ಟೈರುಗಳನ್ನು ಕೊಡಬೇಕಾಯಿತು. ತಡೆದು ಓಡಿಸಿದವನು ಮುಂದೆ ಬಂದನು, ದುಡುಕಿದವನು ಹಿಂದೆ ಬಿದ್ದನು. ಮುಂಚೂಣಿಯ ಸ್ಥಾನ 54 ಬಾರಿ ಕೈಬದಲಿಸಿತು. ಕೊನೆಗೆ ಡೆನ್ನಿ ಹ್ಯಾಮ್ಲಿನ್ ಗೆದ್ದನು. ಕಾರು ಅದೇ, ಗೇರು ಅದೇ, ಬ್ರೇಕೂ ಅದೇ. ಆರು ತಿಂಗಳ ಮೇಲೆ ಅದೇ ಬ್ರಿಸ್ಟಲಿನಲ್ಲಿ ಟೈರು ಸವೆಯದೆಹೋದಾಗ ಕೈಲ್ ಲಾರ್ಸನ್ ಒಬ್ಬನೇ 500 ಸುತ್ತುಗಳಲ್ಲಿ 462ರಲ್ಲಿ ಮುಂದಿದ್ದನು. ಪ್ರಯೋಗಶಾಲೆಯಲ್ಲಿ ಒಂದೇ ಒಂದು ಅಂಶವನ್ನು ಬದಲಿಸಿ ನೋಡಿದಂತೆ ಇಷ್ಟು ಸ್ಪಷ್ಟವಾದ ಸಾಕ್ಷ್ಯವು ಈ ಕ್ರೀಡೆಯಲ್ಲಿ ದೊರೆಯುವುದು ವಿರಳ.

ಡೇಟೋನ ಮತ್ತು ಟ್ಯಾಲಡೆಗಗಳ ಸ್ಥಿತಿ ಬೇರೆಯಾದರೂ ಅಲ್ಲಿನ ರೋಗವೂ ಇದೇ ಕುಲದ್ದು. ಎಲ್ಲರ ವೇಗವೂ ಒಂದೇ ಆಗಿ ಗುಂಪು ಕಟ್ಟಿಕೊಂಡಮೇಲೆ ಮುಂದೆ ಹೋಗಲು ಉಳಿಯುವ ಮಾರ್ಗವೆಂದರೆ ಇಂಧನವನ್ನು ಉಳಿಸಿ, ತುಂಬಿಸಿಕೊಳ್ಳಲು ನಿಂತಾಗ ಕೆಲವು ಸೆಕೆಂಡುಗಳನ್ನು ಗಳಿಸುವುದು. ಆದುದರಿಂದ ಜಗತ್ತಿನ ಅತಿವೇಗದ ಪಥಗಳಲ್ಲಿ ನಲವತ್ತು ಮಂದಿ ಚಾಲಕರು ಬೇಕೆಂದೇ ನಿಧಾನವಾಗಿ ಓಡುವ ವಿಪರೀತವು ಸಾಮಾನ್ಯವಾಗಿದೆ. ಲಕ್ಷಾಂತರ ಪ್ರೇಕ್ಷಕರಿಗೆ ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಇಷ್ಟಾದರೂ ಹಳೆಯ ಕಾರಿಗೆ ಮರಳಬೇಕೆಂಬವರ ವಾದವನ್ನು ನಾನು ಒಪ್ಪಲಾರೆ. ಆದರೆ ಹೊಸದರ ಪ್ರಥಮ ವರ್ಷದ ವೇದನೆಯನ್ನು ಮರೆಯಲೂ ಕೂಡದು. ಹಿಂಭಾಗದ ಚೌಕಟ್ಟು ಅತಿಗಡುಸಾಗಿದ್ದುದರಿಂದ, ಗೋಡೆಗೆ ಬಡಿದಾಗ ಆಘಾತವನ್ನು ಲೋಹವು ತಾಳಿಕೊಳ್ಳದೆ ಚಾಲಕನ ದೇಹಕ್ಕೆ ಸಾಗಿಸಿತು; ಕರ್ಟ್ ಬುಷ್ 2022ರ ಜುಲೈಯಲ್ಲಿ ಪೊಕೊನೊದ ಅರ್ಹತಾ ಸುತ್ತಿನಲ್ಲಿ ಮಿದುಳಿಗೆ ಪೆಟ್ಟಾಗಿ, ಮತ್ತೆ ಆ ಕಪ್ಪಿನ ಪಂದ್ಯದಲ್ಲಿ ಓಡದೆ ನಿವೃತ್ತನಾದನು. ಅಲೆಕ್ಸ್ ಬೋಮನ್ ಅದೇ ವರ್ಷ ಐದು ಪಂದ್ಯಗಳಿಂದ ದೂರವಿರಬೇಕಾಯಿತು. ಆಮೇಲೆ, 2023ಕ್ಕೆಂದು, ಆ ಚೌಕಟ್ಟನ್ನು ಮೆದುಗೊಳಿಸಿದರು. ಚಾಲಕರು ಮೊದಲೇ ಹೇಳಿದ್ದ ಮಾತನ್ನು ಕೇಳಲು ಇಷ್ಟು ಬೆಲೆ ತೆರಬೇಕಾಗಿರಲಿಲ್ಲ.

2026ರ ಋತುವಿಗೆ ಒಂದೂವರೆ ಮೈಲಿಗಿಂತ ಕಿರಿದಾದ ಪಥಗಳಲ್ಲಿಯೂ, ಎಡಬಲಗಳಿಗೆ ತಿರುಗುವ ರಸ್ತೆಪಥಗಳಲ್ಲಿಯೂ ಶಕ್ತಿಯನ್ನು 670ರಿಂದ 750ಕ್ಕೆ ಏರಿಸುವ ನಿಶ್ಚಯವು, ಚಾಲಕರು ಬಹುದಿನಗಳಿಂದ ಮುಂದಿಟ್ಟ ಬೇಡಿಕೆಗೆ ಒಲಿದುದಾಗಿ, ಸ್ವಾಗತಾರ್ಹವೇ. ಹೆಚ್ಚಿದ ಶಕ್ತಿ ಹಿಂಬದಿಯ ಟೈರುಗಳನ್ನು ಹೆಚ್ಚಾಗಿ ಬಿಸಿಮಾಡಿ ಸವೆಸುವುದು, ಕಾಲಿನ ಹದಕ್ಕೆ ಮತ್ತೆ ಬೆಲೆ ತರುವುದು. ಆದರೆ 80 ಅಶ್ವಶಕ್ತಿಯೊಂದರಿಂದಲೇ ಕಾರ್ಯವು ಮುಗಿಯದು. ಬಿಸಿಲು, ಪಥದ ಉಷ್ಣತೆ, ಮೇಲೆ ಬಳಿದ ರಾಳ ಇವುಗಳಿಂದ ಸವೆತವು ದಿನದಿನಕ್ಕೆ ಬದಲಾಗುವುದರಿಂದ, ಪ್ರತಿಯೊಂದು ಕಿರುಪಥಕ್ಕೂ ಬೇರೆಬೇರೆ ಮೆದುತನದ ಟೈರನ್ನು ಸಿದ್ಧಮಾಡಿ, ತಣ್ಣನೆಯ ದಿನದಲ್ಲಿಯೂ ಅದು ಸವೆಯುವುದೆಂದು ಪರೀಕ್ಷಿಸಿದ ಮೇಲೆಯೇ ಪಂದ್ಯಕ್ಕೆ ತರಬೇಕು. ಅದರೊಡನೆ ಗೇರಿನ ಅನುಪಾತಗಳನ್ನು ತಿರುವಿನಲ್ಲಿ ಇಳಿಸುವುದು ಲಾಭಕರವಾಗದಂತೆ ಬದಲಿಸಬೇಕು. ಇವೆರಡಕ್ಕೂ ಹೊಸ ಚೌಕಟ್ಟು ಬೇಕಿಲ್ಲ, ಹೊಸ ಒಡಲೂ ಬೇಕಿಲ್ಲ. ತಂಡಗಳಿಗೆ ಆಗುವ ವೆಚ್ಚವೂ, ಡಿಫ್ಯೂಸರುಗಳ ಮೇಲೆ ಈವರೆಗೆ ಸುರಿದುದಕ್ಕೆ ಹೋಲಿಸಿದರೆ, ದೊಡ್ಡದಾಗಲಾರದು.