ಬಾಯಾರುವ ಮುನ್ನ

ನೀರು ಕುಡಿಯಿರಿ ಎಂದು ಹೇಳುವುದಕ್ಕೂ ಒಂದು ಅಂಕಣ ಬೇಕೇ ಎಂದು ತಾವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ದೇಹಕ್ಕೆ ನೀರು ಬೇಕೆಂಬುದು ಯಾರಿಗೆ ತಾನೇ ಗೊತ್ತಿಲ್ಲ? ಆದರೆ ಗೊತ್ತಿದ್ದೂ ಕುಡಿಯದವರು ನಮ್ಮ ನಮ್ಮ ಮನೆಗಳಲ್ಲೇ ಇದ್ದಾರೆ. ಬೆಳಿಗ್ಗೆ ಏಳಕ್ಕೆ ಡೊಂಬಿವಲಿಯಲ್ಲೋ ವಿರಾರಿನಲ್ಲೋ ಗಾಡಿ ಹಿಡಿದು ಸಂಜೆ ಏಳಕ್ಕೆ ಮನೆ ಸೇರುವ ಸೊಸೆ ದಿನವಿಡೀ ಕುಡಿದದ್ದು ಎರಡು ಕಟಿಂಗ್ ಚಹಾ, ಅರ್ಧ ಬಾಟಲಿ ನೀರು. ರಾತ್ರಿ ಏಳಬೇಕಾದೀತೆಂದು ಮಧ್ಯಾಹ್ನದ ಚಹಾದ ನಂತರ ಲೋಟವನ್ನೇ ಮುಟ್ಟದ ಅಜ್ಜ. ಶಾಲೆಗೆ ಒಯ್ದ ಬಾಟಲಿಯನ್ನು ಹಾಗೆಯೇ ತುಂಬಿಸಿಕೊಂಡು ಮರಳುವ ಮಗಳು. ಇವರಿಗೆಲ್ಲ ಬರಿದೇ ಉಪದೇಶ ಮಾಡಿ ಪ್ರಯೋಜನವಿಲ್ಲ. ಯಾಕೆ ಕುಡಿಯುತ್ತಿಲ್ಲ ಎಂದು ಕೇಳಬೇಕು. ಈ ಸಲದ ವಿಚಾರ ಅದೇ.

ದೇಹದ ಜಮಾ-ಖರ್ಚು

ಮೊದಲು ಲೆಕ್ಕ ನೋಡೋಣ. ವಯಸ್ಕರ ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ನೀರೇ. ದಿನಕ್ಕೆ ಮೂತ್ರದಲ್ಲಿ ಸುಮಾರು ಒಂದೂವರೆ ಲೀಟರು, ಉಸಿರು ಮತ್ತು ಚರ್ಮದ ಮೂಲಕ ನಮಗೆ ತಿಳಿಯದಂತೆಯೇ ಮುಕ್ಕಾಲು ಲೀಟರಿನಷ್ಟು ಖರ್ಚಾಗುತ್ತದೆ. ಬೆವರಿನ ಲೆಕ್ಕ ಬೇರೆ. ಮುಂಬಯಿಯಂಥ ಕಡಲ ಊರಿನಲ್ಲಿ ಗಾಳಿಯ ತುಂಬ ತೇವ. ಬೆವರು ಬೇಗ ಆರುವುದಿಲ್ಲ, ಅದು ಆರದೆ ಮೈ ತಣಿಯುವುದಿಲ್ಲ, ತಣಿಯದ ಮೈ ಮತ್ತಷ್ಟು ಬೆವರುತ್ತದೆ. ದೆಹಲಿಯ ಒಣ ಬೇಸಗೆಯಲ್ಲಾದರೋ ಬೆವರು ಬಂದದ್ದೇ ತಿಳಿಯದಂತೆ ಆರಿಹೋಗುತ್ತದೆ. ಎರಡು ಕಡೆಯೂ ಖರ್ಚು ದೊಡ್ಡದೇ.

ಈ ಲೆಕ್ಕವನ್ನು ಸರಿದೂಗಿಸುವ ಗುಮಾಸ್ತರು ನಮ್ಮ ಎರಡು ಮೂತ್ರಪಿಂಡಗಳು. ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ, ಬಹುಪಾಲು ಎಲ್ಲವನ್ನೂ ರಕ್ತಕ್ಕೇ ಮರಳಿಸಿ, ಕಸವನ್ನು ಮಾತ್ರ ಒಂದೆರಡು ಲೀಟರಿನಲ್ಲಿ ಹೊರಗೆ ಕಳುಹಿಸುತ್ತವೆ. ನಾವು ನೀರು ಕಡಮೆ ಮಾಡಿದರೆ ಅವು ಮುಷ್ಕರ ಹೂಡುವುದಿಲ್ಲ; ಅಷ್ಟೇ ಕಸವನ್ನು ಕಡಮೆ ನೀರಿನಲ್ಲಿ ಸಾಗಿಸುತ್ತವೆ. ಆಗ ಮೂತ್ರ ಗಾಢವಾಗಿ, ಅದರಲ್ಲಿರುವ ಲವಣಗಳು ಹರಳುಗಟ್ಟತೊಡಗುತ್ತವೆ. ಕಲ್ಲಿನ ನೋವು ಕಂಡವರಿಗೆ ಅದರ ವರ್ಣನೆ ಬೇಡ. 1996ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ, ಮೊದಲ ಬಾರಿ ಕಲ್ಲಾಗಿದ್ದ 199 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಹೆಚ್ಚು ನೀರು ಕುಡಿಯಲು ಹೇಳಿ ಐದು ವರ್ಷ ಗಮನಿಸಿದರು. ನೀರು ಹೆಚ್ಚು ಕುಡಿದವರಲ್ಲಿ ನೂರಕ್ಕೆ 12 ಮಂದಿಗೆ ಕಲ್ಲು ಮರುಕಳಿಸಿತು. ಉಳಿದವರಲ್ಲಿ 27 ಮಂದಿಗೆ. ಔಷಧವಿಲ್ಲ, ಕತ್ತರಿಯಿಲ್ಲ, ಬರೀ ನೀರು!

ಹೆಂಗಸರ ಬಾಯಾರಿಕೆ

ಹೊರಗೆ ದುಡಿಯುವ ಹೆಂಗಸರು ನೀರು ಕುಡಿಯದಿರುವುದು ಮರೆವಿನಿಂದಲ್ಲ, ಲೆಕ್ಕಾಚಾರದಿಂದ. ಕುಡಿದರೆ ಹೋಗಬೇಕು, ಹೋಗುವುದೆಲ್ಲಿಗೆ? ಸ್ಟೇಷನ್ನಿನ ಶೌಚಾಲಯದ ಸ್ಥಿತಿ ಎಲ್ಲರಿಗೂ ಗೊತ್ತು. ಹಾಗಾಗಿ ಕುಡಿಯದಿರುವುದೇ ಕ್ಷೇಮವೆಂದು ಅವರು ತೀರ್ಮಾನಿಸಿರುತ್ತಾರೆ. ಇದರ ಬೆಲೆಯನ್ನು ತೆರುವುದು ಮೂತ್ರಕೋಶ. ಆಗಾಗ ತೊಳೆದುಹೋಗದ ಕಡೆ ರೋಗಾಣುಗಳು ಬೀಡುಬಿಡುತ್ತವೆ. ಹೆಂಗಸರಲ್ಲಿ ಮೂತ್ರನಾಳ ಗಿಡ್ಡವಾದ್ದರಿಂದ ಅವು ಒಳಸೇರುವುದೂ ಸುಲಭ. ಉರಿಮೂತ್ರ, ಕಿಬ್ಬೊಟ್ಟೆ ನೋವು, ಕೆಲವೊಮ್ಮೆ ಚಳಿಜ್ವರ. ಹೇಳಿಕೊಳ್ಳಲು ನಾಚಿಕೆ, ವೈದ್ಯರ ಬಳಿ ಹೋಗಲು ಸಮಯವಿಲ್ಲ.

2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ನೆನಪಿಡತಕ್ಕದ್ದು. ಪದೇ ಪದೇ ಈ ಸೋಂಕಿಗೆ ತುತ್ತಾಗುತ್ತಿದ್ದ, ನೀರು ಕಡಮೆ ಕುಡಿಯುತ್ತಿದ್ದ 140 ಮಹಿಳೆಯರಲ್ಲಿ ಅರ್ಧ ಮಂದಿ ದಿನಕ್ಕೆ ಒಂದೂವರೆ ಲೀಟರು ನೀರನ್ನು ಹೆಚ್ಚಾಗಿ ಕುಡಿದರು. ಒಂದು ವರ್ಷದಲ್ಲಿ ಅವರಿಗೆ ಸೋಂಕು ತಗಲಿದ್ದು ಸರಾಸರಿ 1.7 ಸಲ, ಹಳೆಯ ಅಭ್ಯಾಸದಲ್ಲೇ ಇದ್ದವರಿಗೆ 3.2 ಸಲ.

ಆದರೆ ಶೌಚಾಲಯವಿಲ್ಲದೆ ನೀರಿನ ಮಾತು ಅರ್ಧ ಮಾತಷ್ಟೇ. ಮುಂಬಯಿಯ ಮಹಿಳಾ ಕಾರ್ಯಕರ್ತರು 2011ರಲ್ಲಿ ‘ರೈಟ್ ಟು ಪೀ’ ಎಂಬ ಚಳವಳಿ ಆರಂಭಿಸಿ, ಗಂಡಸರಿಗೆ ಪುಕ್ಕಟೆಯಾದದ್ದಕ್ಕೆ ಹೆಂಗಸರು ಯಾಕೆ ಹಣ ಕೊಡಬೇಕೆಂದು ಕೇಳಿದರು. 2015ರ ಡಿಸೆಂಬರಿನಲ್ಲಿ ಮುಂಬಯಿ ಹೈಕೋರ್ಟು ಹೆಂಗಸರಿಗೆ ಸ್ವಚ್ಛ ಶೌಚಾಲಯ ಒದಗಿಸಲು ಯೋಜನೆ ರೂಪಿಸುವಂತೆ ರಾಜ್ಯದ ಮಹಾನಗರಪಾಲಿಕೆಗಳಿಗೆ ನಿರ್ದೇಶನ ನೀಡಿತು. ಹೆಸರು ಕೇಳಿ ನಕ್ಕವರಿದ್ದರು. ನಗುವ ವಿಷಯವಲ್ಲ ಅದು.

ಹಿರಿಯರ ಮಾತು

ವಯಸ್ಸಾದಂತೆ ಬಾಯಾರಿಕೆಯ ಕರೆಗಂಟೆ ಮೆಲ್ಲಗಾಗುತ್ತದೆ. ದೇಹದಲ್ಲಿ ನೀರು ಇಳಿದಿದ್ದರೂ ಬಾಯಿ ಕೇಳುವುದಿಲ್ಲ. ‘ನನಗೆ ಬೇಡ, ಬಾಯಾರಿಲ್ಲ’ ಎಂದು ಅಜ್ಜಿ ಹೇಳುವುದು ಸುಳ್ಳಲ್ಲ; ಆದರೆ ಆ ಮಾತನ್ನು ನಂಬಿ ಕೂರುವಂತಿಲ್ಲ. ಎದ್ದು ನಿಂತಾಗ ತಲೆಸುತ್ತು, ಮಲಬದ್ಧತೆ, ಕಾರಣವಿಲ್ಲದೆ ಬಡಬಡಿಸುವುದು, ಮಂಕು — ಇವಕ್ಕೆಲ್ಲ ವಯಸ್ಸೇ ಕಾರಣವೆನ್ನುವ ಮೊದಲು ನೀರಿನ ಲೆಕ್ಕ ನೋಡಿ.

ರಾತ್ರಿ ಏಳುವ ಭಯಕ್ಕೆ ಉಪಾಯವಿದೆ. ದಿನದ ನೀರಿನ ಹೆಚ್ಚಿನ ಪಾಲು ಸಂಜೆಯೊಳಗೆ ಮುಗಿಯಲಿ. ಬಚ್ಚಲಿನ ದಾರಿಯಲ್ಲಿ ಒಂದು ಸಣ್ಣ ದೀಪವಿರಲಿ, ಜಾರುವ ಕಾಲೊರಸು ಬೇಡ. ಆಮೇಲೂ ಮೂರು ನಾಲ್ಕು ಸಲ ಏಳಬೇಕಾದರೆ ಅದು ನೀರಿನ ತಪ್ಪಲ್ಲದಿರಬಹುದು. ಸಕ್ಕರೆ ಕಾಯಿಲೆಯೋ ಪ್ರೋಸ್ಟೇಟ್ ಗ್ರಂಥಿಯೋ ಎಂದು ವೈದ್ಯರಲ್ಲಿ ಕೇಳಿ.

ಎಷ್ಟು ಕುಡಿಯಬೇಕು?

‘ದಿನಕ್ಕೆ ಎಂಟು ಲೋಟ’ ಎಂಬುದು ವೇದವಾಕ್ಯವೇನಲ್ಲ. 1945ರಲ್ಲಿ ಅಮೆರಿಕದ ಆಹಾರ ಮಂಡಳಿಯೊಂದು ದಿನಕ್ಕೆ ಎರಡೂವರೆ ಲೀಟರು ಎಂದು ಹೇಳಿ, ಅದರಲ್ಲಿ ಬಹುಪಾಲು ಆಹಾರದಲ್ಲೇ ಇದೆ ಎಂದೂ ಸೇರಿಸಿತ್ತು. ಜನ ಮೊದಲರ್ಧ ನೆನಪಿಟ್ಟು ಎರಡನೆಯದನ್ನು ಬಿಟ್ಟರೆಂದು ಊಹಿಸುವವರಿದ್ದಾರೆ. ನಮ್ಮ ಸಾರು, ಮಜ್ಜಿಗೆ, ಹಣ್ಣು, ಎಳನೀರು ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಚಹಾ ಕೂಡ ಸ್ವಲ್ಪ ಸೇರುತ್ತದೆ, ಸಕ್ಕರೆಯ ಮೇಲೆ ಕಣ್ಣಿರಲಿ. ದಕ್ಷಿಣ ಕನ್ನಡದಿಂದ ಬಂದ ನಮ್ಮ ಹಿರಿಯರು ಬೆಳಿಗ್ಗೆ ಉಂಡ ಕುಚ್ಚಲಕ್ಕಿ ಗಂಜಿಯಲ್ಲಿ ಅನ್ನವೂ ಇತ್ತು, ನೀರೂ ಇತ್ತು. ಅದರ ಜಾಗಕ್ಕೆ ವಡಾಪಾವ್ ಬಂದಾಗ ಆ ನೀರು ಎಲ್ಲಿಗೆ ಹೋಯಿತೆಂದು ನಾವು ಕೇಳಲಿಲ್ಲ.

ಅಳತೆಯ ಲೋಟಕ್ಕಿಂತ ಸುಲಭವಾದ ಪರೀಕ್ಷೆ ಮೂತ್ರದ ಬಣ್ಣ. ತಿಳಿ ಹಳದಿಯಿದ್ದರೆ ಸರಿ. ಕಡು ಹಳದಿಯಾದರೆ ಸಾಲದು. ಬಿ-ಕಾಂಪ್ಲೆಕ್ಸ್ ಗುಳಿಗೆ ತಿನ್ನುವವರಿಗೆ ಮಾತ್ರ ಈ ಪರೀಕ್ಷೆ ಸಲ್ಲದು. ಎಲ್ಲವನ್ನೂ ಒಮ್ಮೆಲೇ ಸುರಿದುಕೊಳ್ಳದೆ ದಿನವಿಡೀ ಹಂಚಿ ಕುಡಿಯಿರಿ. ಅತಿಯಾದರೆ ನೀರೂ ಕೆಡುಕೇ. ಬಹಳ ಹೊತ್ತು ಬೆವರಿ ಬರೀ ನೀರನ್ನೇ ಮಿತಿಮೀರಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುವುದುಂಟು. ಹೃದಯ, ಮೂತ್ರಪಿಂಡ, ಯಕೃತ್ತಿನ ರೋಗವಿದ್ದು ವೈದ್ಯರು ನೀರಿಗೆ ಮಿತಿ ಹಾಕಿದ್ದರೆ ಆ ಮಿತಿಯೇ ಪ್ರಮಾಣ, ಈ ಅಂಕಣವಲ್ಲ.

ನಾವು ಮಾಡಬಹುದಾದದ್ದು

ಮಕ್ಕಳ ವಿಷಯದಲ್ಲಿ 2019ರಲ್ಲಿ ಕೇರಳದ ಶಾಲೆಗಳು ಒಂದು ಒಳ್ಳೆಯ ದಾರಿ ತೋರಿಸಿದವು. ನೀರು ಕುಡಿಯಲೆಂದೇ ಗಂಟೆ ಬಾರಿಸುವ ಪದ್ಧತಿ ಅದು. ಕರ್ನಾಟಕವೂ ಅದನ್ನು ಅನುಸರಿಸಿತು. ನಿಮ್ಮ ಮಕ್ಕಳ ಶಾಲೆಯಲ್ಲಿ ಗಂಟೆ ಇದೆಯೇ, ಅದಕ್ಕಿಂತ ಮುಖ್ಯವಾಗಿ ಬಾಗಿಲು ಹಾಕಿಕೊಳ್ಳಬಹುದಾದ, ನಲ್ಲಿಯಲ್ಲಿ ನೀರು ಬರುವ ಶೌಚಾಲಯ ಇದೆಯೇ ಎಂದು ಪೋಷಕರ ಸಭೆಯಲ್ಲಿ ಕೇಳಿ. ಅಂಕಗಳ ವಿಚಾರ ಆಮೇಲೂ ಕೇಳಬಹುದು.

ನಮ್ಮ ಸಂಘಗಳಿಗೂ ಒಂದು ಮಾತು. ವಾರ್ಷಿಕೋತ್ಸವದ ದಿನ ರೇಷ್ಮೆ ಸೀರೆ ಉಟ್ಟು ಬೆಳಗಿನಿಂದ ರಾತ್ರಿಯವರೆಗೆ ಓಡಾಡುವ ನಮ್ಮ ಹೆಣ್ಣುಮಕ್ಕಳಲ್ಲಿ ಎಷ್ಟು ಮಂದಿ ಅಂದು ನೀರು ಕುಡಿಯುತ್ತಾರೆ? ಸಭಾಗೃಹ ಗೊತ್ತುಮಾಡುವಾಗ ನಾವು ಆಸನಗಳನ್ನು ಎಣಿಸುತ್ತೇವೆ, ಮೈಕು ಪರೀಕ್ಷಿಸುತ್ತೇವೆ. ಮುಂದಿನ ಸಲ ಹೆಂಗಸರ ಶೌಚಾಲಯವನ್ನೂ ನೋಡಿಬರಲಿ, ಅದೂ ಸಮಿತಿಯ ಸದಸ್ಯೆಯೊಬ್ಬರೇ ಹೋಗಿ ನೋಡಲಿ. ವೇದಿಕೆಯ ಗಣ್ಯರ ಮುಂದೆ ಮಾತ್ರವಲ್ಲ, ಸಭಿಕರ ಸಾಲಿನ ಪಕ್ಕದಲ್ಲೂ ಕುಡಿಯುವ ನೀರಿರಲಿ.

ಮನೆಗೆ ಬಂದವರಿಗೆ ಮಾತಿಗಿಂತ ಮೊದಲು ಬೆಲ್ಲ-ನೀರು ಕೊಡುವ ನಾಡಿನಿಂದ ಬಂದವರು ನಾವು. ಅತಿಥಿಗೆ ಕೊಟ್ಟ ಆ ಮರ್ಯಾದೆಯನ್ನು ಮನೆಯವರಿಗೂ ಕೊಡೋಣ. ಬಾಯಾರಿದಾಗ ಬಾವಿ ತೋಡುವುದು ಬೇಡ. ಇಂದು ಸಂಜೆ ಮನೆಯವರೆಲ್ಲ ಸೇರಿದಾಗ ಒಂದೇ ಪ್ರಶ್ನೆ ಕೇಳಿ: ಇವತ್ತು ಎಷ್ಟು ನೀರು ಕುಡಿದಿರಿ? ‘ಕುಡಿಯಲಾಗಲಿಲ್ಲ’ ಎಂಬ ಉತ್ತರ ಬಂದರೆ ಗದರಬೇಡಿ. ಯಾಕೆ ಎಂದು ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ.