ಮಾತಿಲ್ಲದ ಹದಿನೇಳು ನಿಮಿಷ

ಆರಿದ್ರೆ ಮಳೆ ಹಿಡಿಯಿತೆಂದರೆ ವಜ್ರಳ್ಳಿಯಲ್ಲಿ ಕಿವಿಗೆ ಬಿಡುವಿಲ್ಲ. ಹೆಂಚಿನ ಮೇಲೆ ಒಂದು ಸದ್ದು, ಅಡಕೆ ಸೋಗೆಯ ಮೇಲೆ ಇನ್ನೊಂದು, ಮಾಡಿನ ನೀರು ಹಂಡೆಗೆ ಬೀಳುವುದು ಮತ್ತೊಂದು. ಕರೆಂಟು ಹೋದಮೇಲೆ ಇವೆಲ್ಲ ಇನ್ನಷ್ಟು ಹತ್ತಿರಕ್ಕೆ ಬರುತ್ತವೆ. ಮೊನ್ನೆ ಅಂಥದೊಂದು ರಾತ್ರಿ, ಮೊಬೈಲಿಗೆ ಸಣ್ಣ ಸ್ಪೀಕರ್ ಜೋಡಿಸಿ ಜಗಲಿಯಲ್ಲಿ ‘ಫೀಡ್ರಾ’ ಕೇಳುತ್ತ ಕೂತಿದ್ದೆ. ಟ್ಯಾಂಜರೀನ್ ಡ್ರೀಮ್ ಎಂಬ ಜರ್ಮನಿಯ ರಾಕ್ ತಂಡ 1974ರಲ್ಲಿ ಹೊರತಂದ ಆಲ್ಬಂ ಅದು. ಹಾಡುವವರಿಲ್ಲ, ಸಾಹಿತ್ಯವಿಲ್ಲ. ಮೊದಲ ತುಣುಕೇ ಹದಿನೇಳು ನಿಮಿಷ.

ತಾಳಮದ್ದಳೆಯ ದಿನ ಗೊತ್ತುಮಾಡಲು ಬಂದಿದ್ದ ಪಕ್ಕದ ಮನೆಯ ಹಿರಿಯರು ಕವಳ ಹಾಕುತ್ತ ಸ್ವಲ್ಪ ಹೊತ್ತು ಕೇಳಿದರು. ಒಂದು ಕಾಲಕ್ಕೆ ಮದ್ದಳೆ ಬಾರಿಸಿದ ಕೈ ಅವರದು. “ತಮಾ, ಪದ್ಯ ಯಾವಾಗ ಬತ್ತು? ಬರೀ ಪೀಠಿಕೆನೇ ಆತಲ” ಅಂದರು.

ಅವರ ಪ್ರಶ್ನೆ ನನಗೆ ಸರಿಯಾದದ್ದೇ ಅನ್ನಿಸಿತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ನಮ್ಮದು ಮಾತಿನ ಸೀಮೆ. ಮಳೆಗಾಲಕ್ಕೆ ಬಯಲಾಟ ನಿಂತರೆ ತಾಳಮದ್ದಳೆ ಶುರು. ಒಂದು ಪದ್ಯಕ್ಕೆ ಅರ್ಧ ತಾಸು ಅರ್ಥ ಹೇಳುವವರು, ಆ ಅರ್ಧ ತಾಸನ್ನು ರೆಪ್ಪೆ ಮುಚ್ಚದೆ ಕೇಳುವವರು ಇಲ್ಲಿ ಮನೆಮನೆಯಲ್ಲಿದ್ದಾರೆ. ಹಾಗಾಗಿ ಮಾತು ಬರದ ಸಂಗೀತವೆಂದರೆ ಏನೋ ಬರಬೇಕಾದದ್ದು ಇನ್ನೂ ಬಂದಿಲ್ಲ ಎಂದೇ ನಮಗೆ ತೋರುತ್ತದೆ.

ಆದರೆ ಫೀಡ್ರಾದಲ್ಲಿ ಬರಬೇಕಾದದ್ದು ಮೊದಲ ನಿಮಿಷಗಳಲ್ಲೇ ಬಂದಿರುತ್ತದೆ. ಸೀಕ್ವೆನ್ಸರ್ ಎಂಬ ಯಂತ್ರಕ್ಕೆ ಕೆಲವೇ ಸ್ವರಗಳ ಸಾಲೊಂದನ್ನು ಕಟ್ಟಿಕೊಟ್ಟರೆ ಅದು ದಣಿಯದೆ ಅದನ್ನೇ ತಿರುಗಿಸುತ್ತದೆ. ತಂಡದ ಕ್ರಿಸ್ ಫ್ರಾಂಕೆ ಗುಂಡಿಗಳನ್ನು ತಿರುವುತ್ತ ಆ ಸಾಲನ್ನು ಮಂಕಾಗಿಸುತ್ತಾನೆ, ಹೊಳಪೇರಿಸುತ್ತಾನೆ. ಮಂಜು ಮುಸುಕಿದ ಅರಬೈಲು ಘಟ್ಟದಲ್ಲಿ ಬಸ್ಸು ಸಣ್ಣ ಗೇರಿನಲ್ಲಿ ಹತ್ತುವಾಗ ಸೀಟಿನಡಿಯಿಂದ ಬೆನ್ನಿಗೆ ಬರುವ ಗುಡುಗುಡು ಇದೆಯಲ್ಲ, ಅದರ ಅನುಭವ. ಮುಂದೇನಿದೆ ಕಾಣುವುದಿಲ್ಲ, ನಿಲ್ಲುವಂತೆಯೂ ಇಲ್ಲ. ಅದರ ಮೇಲೆ ಮೆಲೊಟ್ರಾನಿನ ತಂತಿನಾದ ಹರಡುತ್ತದೆ. ಆ ವಾದ್ಯದ ಒಂದೊಂದು ಮನೆಯ ಹಿಂದೆಯೂ ಒಂದು ತುಂಡು ಟೇಪು. ಒತ್ತಿ ಹಿಡಿದರೆ ಎಂಟು ಸೆಕೆಂಡಿನಷ್ಟು ಹೊತ್ತು ಯಾರೋ ಎಂದೋ ನುಡಿಸಿಟ್ಟ ಪಿಟೀಲು ಕೇಳಿ ಮುಗಿದುಹೋಗುತ್ತದೆ. ಎಡ್ಗರ್ ಫ್ರೋಜ಼ನ ಕೈಯಲ್ಲಿ ಅದು ತೋಟದ ಮೇಲಿನಿಂದ ಸರಿಯುವ ಮೋಡದಂತೆ. ಕೊನೆಯ ಪುಟ್ಟ ತುಣುಕಿನಲ್ಲಿ ಪೀಟರ್ ಬೌಮನ್ ಕೊಳಲೂದುತ್ತಾನೆ. ಪ್ರತಿಧ್ವನಿ ಅದನ್ನು ಕಣಿವೆಯಾಚೆಯಿಂದ ಎಂಬಂತೆ ಹಿಂದಿರುಗಿಸುತ್ತದೆ.

ಆ ಹದಿನೇಳು ನಿಮಿಷಗಳ ಮಧ್ಯದಲ್ಲೊಂದು ಕಡೆ ಕೆಳಗಿನ ಸ್ವರಗಳ ಸಾಲು ಮೆಲ್ಲಗೆ ಜರುಗುತ್ತದೆ. ನಾನು ವರ್ಷಗಟ್ಟಲೆ ಅದನ್ನು ಬೇಕೆಂದೇ ಮಾಡಿದ್ದು ಅಂದುಕೊಂಡಿದ್ದೆ. ಹಿರಿಯರು ಮಾತ್ರ ಕವಳದ ಬಾಯಲ್ಲೇ ಥಟ್ಟನೆ ಅಂದರು: “ಶ್ರುತಿ ಜಾರಿ ಹೋತಲ!”

ನಿಜ, ಜಾರಿದ್ದೇ. ಇಂಗ್ಲೆಂಡಿನ ದಿ ಮೇನರ್ ಸ್ಟುಡಿಯೋದಲ್ಲಿ 1973ರ ಕೊನೆಗೆ ಇದನ್ನು ಮುದ್ರಿಸುವಾಗ ಅವರ ಮೂಗ್ ಸಿಂಥಸೈಜರ್ ಬಿಸಿಯೇರಿದಂತೆಲ್ಲ ಶ್ರುತಿ ಬಿಡುತ್ತಿತ್ತು. ಅದನ್ನು ಸರಿಪಡಿಸಲಿಕ್ಕೇ ತಾಸುಗಟ್ಟಲೆ ಬೇಕಾಗುತ್ತಿತ್ತು. ಟೇಪು ಓಡುತ್ತಿದ್ದಾಗಲೇ ಜಾರಿದ ಆ ಭಾಗವನ್ನು ಅವರು ಅಳಿಸದೆ ಉಳಿಸಿಕೊಂಡರು. ಇಷ್ಟು ಹೇಳಿದ್ದೇ ಹಿರಿಯರ ಮುಖ ಅರಳಿತು. ಆಷಾಢದ ಥಂಡಿಗೆ ಮದ್ದಳೆಯ ಮುಚ್ಚಿಗೆ ಸಡಿಲಾಗಿ, ಭಾಗವತರು ಕಾಯುತ್ತಿರುವಂತೆಯೇ ಸುತ್ತಿಗೆ ಹಿಡಿದು ಬಡಿದು ಬಡಿದು ಶ್ರುತಿಗೆ ತಂದ ರಾತ್ರಿಗಳು ಅವರಿಗೆ ನೆನಪಾದವು. ಯಂತ್ರದ ಸಂಗೀತಕ್ಕೆ ಜೀವವಿಲ್ಲ ಎಂಬ ದೂರನ್ನು ನಾನು ಒಪ್ಪದಿರುವುದು ಇದಕ್ಕೇ. ನಮ್ಮ ಚರ್ಮವಾದ್ಯಕ್ಕೆ ಥಂಡಿ ತಾಗುವಂತೆ ಅವರ ತಂತಿ, ಟ್ರಾನ್ಸಿಸ್ಟರುಗಳಿಗೆ ಬಿಸಿ ತಾಗುತ್ತದೆ.

ಮಾತನ್ನು ಬದಿಗಿಟ್ಟು ಕೇಳಿಸುವ ಧೈರ್ಯ ನಮ್ಮಲ್ಲೂ ಇತ್ತು. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಗಳಲ್ಲಿ ಅರ್ಥಗಾರಿಕೆಯನ್ನು ಬಿಟ್ಟು, ಪಿಟೀಲು, ಸ್ಯಾಕ್ಸೋಫೋನುಗಳನ್ನು ತಂದರು. ಯಕ್ಷಗಾನ ಕೆಟ್ಟಿತೆಂದು ಬೈಸಿಕೊಂಡರು ಕೂಡ. ಅರ್ಥವಿಲ್ಲದ ಆಟ ನನಗೂ ಸಪ್ಪೆಯೇ. ಆದರೆ ಹಿಮ್ಮೇಳವನ್ನು ಹಿಮ್ಮೇಳಕ್ಕಾಗಿಯೇ ಕೇಳಿ ಎಂದ ಅವರ ಹಟ ದೊಡ್ಡದು. ಇನ್ನು ಯಂತ್ರನಾದದ ವಿಷಯ: ಪುಂಗಿ ಹೋಗಿ ಹಾರ್ಮೋನಿಯಂ ಬಂದ ಜಾಗದಲ್ಲಿ ಈಗ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಕೂತಿದೆ. ಅಂಥ ಪೆಟ್ಟಿಗೆಯನ್ನು, ಎಲೆಕ್ಟ್ರಾನಿಕ್ ತಂಬೂರಿಯನ್ನು ದೇಶದ ಸಂಗೀತಗಾರರ ಕೈಗಿತ್ತವರಲ್ಲಿ ಪ್ರಮುಖರು ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದ, ಸ್ವತಃ ಕೊಳಲುವಾದಕರಾದ ಬೆಂಗಳೂರಿನ ಜಿ. ರಾಜ್‌ನಾರಾಯಣ್. ಅಂದರೆ ರಾತ್ರಿಯಿಡೀ ಸರ್ಕ್ಯೂಟಿನಿಂದ ಹೊರಡುವ ಆಧಾರಸ್ವರದ ಮೇಲೆಯೇ ನಮ್ಮ ಕೃಷ್ಣ, ಕೌರವರು ಮಾತಾಡುತ್ತಿದ್ದಾರೆ. ಅದನ್ನು ಒಪ್ಪಿಕೊಂಡ ಕಿವಿಗೆ ಸಿಂಥಸೈಜರ್ ಪರಕೀಯವಾಗಬೇಕಿಲ್ಲ.

ಬೆಂಗಳೂರಿನಲ್ಲಿ ಹಾಡುಗಾರರಿಲ್ಲದ ರಾಕ್ ನುಡಿಸಿದ ಹುಡುಗರೂ ಇದ್ದಾರೆ. ‘ಅಂಟಿಲ್ ವಿ ಲಾಸ್ಟ್’ ತಂಡದ ‘ಅರ್ಥ್‌ಗೇಜಿಂಗ್’ ಕೇಳಿದರೆ ಗಿಟಾರು ಗಿಟಾರಿನಂತೆ ಕೇಳಿಸದೆ, ನೀರಿನ ಮೇಲೆ ಬೆಳಕು ಆಡಿದಂತಿರುತ್ತದೆ. ಇಂಥದ್ದರ ಬಗ್ಗೆ ಕನ್ನಡದಲ್ಲಿ ಬರೆಯುವವರು ತೀರ ಕಡಿಮೆ. ಸಿನಿಮಾ ಹಾಡಿನ ವಿಮರ್ಶೆಯೆಂದರೂ ನಾವು ಸಾಹಿತ್ಯದ ಸಾಲುಗಳನ್ನೇ ಹಿಡಿದು ಬರೆಯುತ್ತೇವೆ. ನಾದದ ಗುಣವನ್ನು, ಅದು ಕಟ್ಟುವ ಭಾವವನ್ನು ಹೇಳುವ ಪದಗಳನ್ನು ಕೂಡಿಸಿಕೊಂಡಿಲ್ಲ. ಮದ್ದಳೆಗಾರರ ಬಾಯಲ್ಲಿ ಅಂಥ ಪದಗಳು ಎಷ್ಟೋ ಇವೆ. ಅವು ಪತ್ರಿಕೆಯ ಪುಟಕ್ಕೆ ಬರಬೇಕೆಂಬುದು ನನ್ನ ಬಹುದಿನದ ಆಸೆ.

ಆ ರಾತ್ರಿ ಹಿರಿಯರು ತುಣುಕು ಮುಗಿಯುವವರೆಗೂ ಎದ್ದು ಹೋಗಲಿಲ್ಲ. ತಾಳಮದ್ದಳೆಯ ದಿನ ಗೊತ್ತುಮಾಡುವುದನ್ನು ಇಬ್ಬರೂ ಮರೆತೆವು.

ಓದುಗರಲ್ಲಿ ಒಂದು ಕೇಳಿಕೆ. ಈ ಮಳೆಗಾಲದಲ್ಲಿ ಒಂದು ರಾತ್ರಿ ದೀಪ ಆರಿಸಿ, ಮಾತಿಲ್ಲದ ಒಂದು ಆಲ್ಬಮನ್ನು ಮೊದಲಿಂದ ಕಡೆಯವರೆಗೆ ಮಧ್ಯೆ ಏಳದೆ ಕೇಳಿ. ಮನೆಯಲ್ಲಿ ಹಿಮ್ಮೇಳದವರಿದ್ದರೆ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೇಳಿದ್ದನ್ನು ನಿಮ್ಮ ಊರಿನ ಮಾತಿನಲ್ಲೇ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆಂದು ನಾಲ್ಕು ಪುಟ ತೆಗೆದಿಟ್ಟಿದ್ದೇವೆ.